ದುಂಬಿಯ ಗೃಹಪ್ರವೇಶ

ನಮ್ಮ ಮನೆಯ ಮುಂದಿನ ಚಪ್ಪರದ ಮೇಲೆ ಎರಡು ಬಳ್ಳಿ ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳ ಹಣ್ಣಿಗೆ ಪೇಟೆಯವರು ಪ್ಯಾಶನ್ ಫ್ರೂಟ್ ಅನ್ನುತ್ತಾರೆ. ಆ ಹೆಸರು ತಮ್ಮ ನಾಲಿಗೆಗೆ ಒಗ್ಗುವುದಿಲ್ಲವೆಂದು ನಮ್ಮ ಅತ್ತೆ ಅದಕ್ಕೆ ಶರಬತ್ತಿನ ಹಣ್ಣು ಎಂದು ಹೆಸರಿಟ್ಟಿದ್ದಾರೆ. ಹಣ್ಣು ಹಾಗಿರಲಿ, ಹೂವನ್ನು ಒಮ್ಮೆ ನೋಡಬೇಕು. ಮಧ್ಯಾಹ್ನದ ಬಿಸಿಲಿಗೆ ಅರಳುತ್ತದೆ, ಬಿಳಿ ಎಸಳು, ಅದರ ಮೇಲೆ ಸುತ್ತಲೂ ನೇರಳೆ ಎಳೆಗಳು. ನಾನು ಹೊಲಿಗೆ ಕೆಲಸದವಳು. ಸೀರೆಯ ಸೆರಗಿಗೆ ಅಂಥ ಕುಚ್ಚು ಕಟ್ಟುವವರು ಸಿಕ್ಕಿದರೆ ಸೂಜಿ ಕೆಳಗಿಟ್ಟು ಕೈ ಮುಗಿದುಬಿಡುತ್ತೇನೆ.

ಕುಂದಾಣದಿಂದ ಸ್ವಲ್ಪ ಒಳಗೆ ನಮ್ಮ ಊರು. ನನ್ನ ಹೊಲಿಗೆ ಯಂತ್ರ ಇರುವುದು ಚಪ್ಪರಕ್ಕೆ ಎದುರಾದ ಕಿಟಕಿಯ ಪಕ್ಕದಲ್ಲಿ, ಹಾಗಾಗಿ ಆ ಬಳ್ಳಿಯ ಸಂಸಾರವೆಲ್ಲ ನನ್ನ ಕಣ್ಣೆದುರೇ ನಡೆಯುತ್ತದೆ. ಹೂವಿನ ಕಾಲದಲ್ಲಿ ಅತ್ತೆ ಊಟಕ್ಕೆ ಮೊದಲು ಕಲ್ಲುಬೆಂಚು ಹತ್ತಿ ನಿಲ್ಲುತ್ತಿದ್ದರು. ಬಣ್ಣ ಬಳಿಯುವ ಸಣ್ಣದೊಂದು ಕುಂಚದಿಂದ ಈ ಬಳ್ಳಿಯ ಹೂವಿನ ಪುಡಿಯನ್ನು ತೆಗೆದು ಆ ಬಳ್ಳಿಯ ಹೂವಿಗೆ ಮುಟ್ಟಿಸುತ್ತಿದ್ದರು. ಅದಕ್ಕೆ ಅವರು ಮದುವೆ ಮಾಡಿಸುವುದು ಅನ್ನುತ್ತಿದ್ದರು. "ಊಟ ಬಡಿಸ್ಲಾ ಅತ್ತೆ?" ಎಂದು ಕಿಟಕಿಯಿಂದ ಕೂಗಿದರೆ, "ಇರಮ್ಮ, ಇನ್ನೂ ನಾಕು ಮದ್ವೆ ಐತೆ" ಎನ್ನುವರು. ಆ ಮದುವೆ ತಪ್ಪಿದರೆ ಹೂ ಸಂಜೆಗೆ ಮುದುಡಿ, ಮರುದಿನ ತೊಟ್ಟಿನ ಸಮೇತ ಅಂಗಳಕ್ಕೆ ಬೀಳುತ್ತಿತ್ತು.

ಹಣ್ಣು ಬಿದ್ದ ಕಾಲದಲ್ಲಿ ನಮ್ಮ ಗೇಟು ದಾಟಿದವರಿಗೆಲ್ಲ ಶರಬತ್ತು. ಕರೆಂಟ್ ಬಿಲ್ ಕೊಡಲು ಬಂದವರಿಗೂ ಸರಿ, ದಾರಿ ತಪ್ಪಿ ಬಂದವರಿಗೂ ಸರಿ. ಹಣ್ಣಿನ ತಿರುಳು, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ಇದರಲ್ಲಿ ನನ್ನ ಸ್ವಾರ್ಥವೂ ಇತ್ತು, ಮುಚ್ಚಿಡುವುದೇನು. ಹೇಳಿದ ದಿನಕ್ಕೆ ಬ್ಲೌಸ್ ಕೊಡುವ ದರ್ಜಿಯನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಮುಖ ಊದಿಸಿಕೊಂಡು ಬಂದ ಗಿರಾಕಿಯ ಕೈಗೆ ಅತ್ತೆ ಒಂದು ಲೋಟ ಇಟ್ಟರೆ ಸಾಕು, ಆಕೆ ಜಗಳ ಮರೆತು ಬಳ್ಳಿಯ ಬೀಜ ಕೇಳಿಕೊಂಡು ಹೋಗುತ್ತಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ಅತ್ತೆಯ ಮೊಣಕಾಲಿಗೆ ಆಪರೇಷನ್ ಆಯಿತು. ಬೆಂಚು, ಸ್ಟೂಲು, ಏಣಿ ಯಾವುದನ್ನೂ ಹತ್ತಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಮಳೆ ಬಿದ್ದದ್ದೇ ತಡ, ಬಳ್ಳಿ ತುಂಬ ಹೂ. ಮದುವೆ ಮಾಡಿಸುವವರಿಲ್ಲ. ನಾನೇ ಕುಂಚ ಹಿಡಿದು ಬೆಂಚು ಹತ್ತಿದೆ. ದಿನವೆಲ್ಲ ತಲೆ ಬಗ್ಗಿಸಿ ಹೊಲಿಯುವ ಕತ್ತು ನನ್ನದು, ಮೇಲಕ್ಕೆ ನೋಡಿದರೆ ಭೂಮಿ ಗಿರ್ರನೆ ತಿರುಗುತ್ತದೆ. ಸಾಲದ್ದಕ್ಕೆ ಕೆಳಗಿನಿಂದ ಅತ್ತೆಯ ಉಸ್ತುವಾರಿ ಬೇರೆ.

"ಅದಲ್ಲ, ಪಕ್ಕದ್ದು. ಮೆತ್ತಗೆ ಕಣಮ್ಮ, ಗುಂಡಿ ಕಿತ್ತಂಗೆ ಎಳೀಬ್ಯಾಡ!"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಹಂಗಾದ್ರೆ ನೀವೇ ಬನ್ನಿ ಅತ್ತೆ!" ಅಂದುಬಿಟ್ಟೆ. ಅವರು ತಮ್ಮ ಕಾಲನ್ನು ಒಂದು ಸಲ ನೋಡಿಕೊಂಡರು ಅಷ್ಟೆ. ನಾನು ಕುಂಚ ಕೆಳಗಿಟ್ಟು ಬೆಂಚಿನಿಂದ ಇಳಿದುಬಿಟ್ಟೆ.

ಇಂಥ ಸಮಯಕ್ಕೇ ಕಾದಿದ್ದವರಂತೆ ನಮ್ಮ ಮನೆಯವರು ಶೆಡ್ಡಿನ ಮಾತು ಎತ್ತಿದರು. ಅವರಿಗೆ ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಯಾರ್ಯಾರದೋ ಕೈ ದಾಟಿ ಬಂದ ಹಳೇ ಕಾರೊಂದನ್ನು ತಂದು, ಹೊಸ ಅಳಿಯನ ಹಾಗೆ ಉಪಚಾರ ಮಾಡುತ್ತಿದ್ದರು.

"ಕಾಯಿ ಬಿಡ್ದಿರೋ ಬಳ್ಳಿ ಯಾಕಮ್ಮಾ? ಚಪ್ಪರ ಕಿತ್ತು ಶೀಟ್ ಹಾಕಿಸ್ಬಿಡ್ತೀನಿ. ಗಾಡಿ ನೆರಳಲ್ಲಿರುತ್ತೆ."

"ಆಷಾಢದಲ್ಲಿ ಯಾರಾದ್ರೂ ಕಂಬ ನೆಡ್ತಾರೇನ್ಲಾ?" ಎಂದರು ಅತ್ತೆ. ಆಷಾಢ ಮುಗಿಯುವ ತನಕ ಹಾಗೇ ತಳ್ಳಿದರು. ಶ್ರಾವಣ ಹುಟ್ಟುತ್ತಲೇ ಮಗ ಮತ್ತೆ ಕೇಳಿದಾಗ ಅವರ ದನಿ ಇಳಿದುಹೋಯಿತು. "ಆ ಚಪ್ಪರ ಹೋದ್ರೆ ನಾನು ಹೊರಗೆ ಬಂದು ಏನ್ ನೋಡ್ಲೋ? ನಿನ್ ಕಾರಿನ ಬೆನ್ನು ನೋಡ್ಕಂಡು ಕೂತ್ಕಳ್ಳಾ?"

ನಮ್ಮವರು ಕೆಟ್ಟವರಲ್ಲ. ತಲೆ ಕೆರೆದುಕೊಂಡರು, ಗೇಟಿನವರೆಗೆ ಹೋಗಿ ಬಂದರು. ಕೊನೆಗೆ ತಾಯಿ ಮಗನಿಗೆ ಒಂದು ಒಪ್ಪಂದವಾಯಿತು. ಆಯುಧಪೂಜೆಯ ಹೊತ್ತಿಗೆ ಬಳ್ಳಿಯಲ್ಲಿ ಒಂದಾದರೂ ಕಾಯಿ ಕಚ್ಚಿದ್ದರೆ ಚಪ್ಪರ ಉಳಿಯುತ್ತದೆ. ಇಲ್ಲದಿದ್ದರೆ ಶೀಟು. ಆದರೆ ಬೆಂಚನ್ನು ಯಾರೂ ಹತ್ತುವ ಹಾಗಿಲ್ಲ, ಅತ್ತೆಯೂ ಇಲ್ಲ, ನಾನೂ ಇಲ್ಲ. "ಮನೇಗೆ ಒಂದು ಆಪರೇಷನ್ ಸಾಕು ತಾಯಿ" ಎಂದು ನನ್ನ ಕಡೆ ಕೈ ಮುಗಿದರು.

ಆ ಸಂಜೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ ನಾನು ಕೇಳಿದೆ, "ಈ ಕುಂಚ ಗಿಂಚ ಬರೋಕ್ ಮುಂಚೆ ಬಳ್ಳಿ ಕಾಯಿ ಬಿಡ್ತಿರ್ಲಿಲ್ವಾ ಅತ್ತೆ?"

"ಬಿಡ್ತಿರ್ಲಿಲ್ವಾ ಅಂದ್ರೆ? ಮಂಕರಿಗಟ್ಲೆ ಬಿಡ್ತಿತ್ತು, ಕೊಟ್ಟಿಗೆ ಇದ್ದಾಗ. ಆವಾಗ ಆ ಕರೀ ದುಂಬಿ ಇದ್ವಲ್ಲ, ಗುಂಯ್ ಅಂತ ಬಂದು ಹೂವಿನ ಮ್ಯಾಲೆ ಬೀಳೋವು. ಹಾಳಾದವು, ಕೊಟ್ಟಿಗೆ ತೊಲೆಯೆಲ್ಲಾ ಕೊರ್ದು ಕೊರ್ದು ಹಸಿನ ಮೈಮ್ಯಾಲೆ ಪುಡಿ ಉದುರ್ಸೋವು. ಎಷ್ಟು ಬೈದಿದೀನಿ ಅಂತೀಯಾ."

ನನ್ನ ಕೈ ನಿಂತಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೊಟ್ಟಿಗೆ ಕೆಡವಿ ಈ ಮನೆ ಕಟ್ಟಿದ ಮೇಲೆ ತಾನೆ ಅತ್ತೆ ಕುಂಚ ಹಿಡಿದದ್ದು! ಈಗ ನಮ್ಮದು ಆರ್‌ಸಿಸಿ ತಾರಸಿ, ಗ್ರಾನೈಟ್ ನೆಲ, ಕಬ್ಬಿಣದ ಕಿಟಕಿ. ದುಂಬಿ ಕೊರೆಯಬೇಕೆಂದರೆ ನನ್ನ ತಲೆಯನ್ನೇ ಕೊರೆಯಬೇಕು. ಮದುವೆ ಮಾಡಿಸುವ ಪುರೋಹಿತರ ಮನೆಯನ್ನೇ ಕೆಡವಿ, ಮದುವೆ ಯಾಕೆ ನಡೆಯುತ್ತಿಲ್ಲ ಎಂದು ಕೂತಿದ್ದೆವು.

"ಹಂಗಾದ್ರೆ ಅವಕ್ಕೊಂದು ಮನೆ ಕಟ್ಟಾಣ" ಎಂದೆ. ಅತ್ತೆ ಎಷ್ಟು ಜೋರಾಗಿ ನಕ್ಕರೆಂದರೆ ಎಣ್ಣೆ ಬಟ್ಟಲು ಮಗುಚಿತು.

ಹುಳಗಳಿಗೆ ಮನೆ ಕಟ್ಟುವುದು ಹೇಗೆಂದು ಫೋನಿನಲ್ಲಿ ನೋಡಿದೆ. ಮುರಿದುಬಿದ್ದಿದ್ದ ಬಿದಿರಿನ ಏಣಿ ಹಿತ್ತಲಲ್ಲಿತ್ತು, ಟೊಮೇಟೊ ಗಿಡಕ್ಕೆ ಊರುಗೋಲಾಗಿದ್ದ ಸಣ್ಣ ಬಿದಿರೂ ಇತ್ತು. ಗಿಣ್ಣಿಗೆ ಸರಿಯಾಗಿ ಗರಗಸ ಹಾಕಿದೆ, ಕೊಳವೆಯ ಒಂದು ತುದಿ ತೆರೆದು ಇನ್ನೊಂದು ತುದಿ ಮುಚ್ಚಿರಬೇಕು. ಹುಳವಾದರೂ ಹಿಂದಿನ ಬಾಗಿಲಿಲ್ಲದ ಮನೆಯನ್ನೇ ಕೇಳುತ್ತದಂತೆ. ಕೊಳವೆಯ ಬಾಯಿಯಲ್ಲಿ ಸಿಬಿರು ಉಳಿದರೆ ರೆಕ್ಕೆ ಹರಿಯುತ್ತದೆ. ಉಪ್ಪುಕಾಗದ ಸುತ್ತಿ, ರೇಷ್ಮೆ ಬ್ಲೌಸಿನ ಕೊರಳಪಟ್ಟಿ ತಿದ್ದಿದ ಹಾಗೆ ಒಂದೊಂದನ್ನೂ ನಯ ಮಾಡಿದೆ. ದುಂಬಿಗೆ ಹೆಬ್ಬೆರಳಿನಷ್ಟು ಅಗಲದ ತೂತು, ಸಣ್ಣ ಹುಳಗಳಿಗೆ ಪೆನ್ಸಿಲಿನಷ್ಟು. ಎಲ್ಲವನ್ನೂ ಹಳೇ ಮರದ ದ್ರಾಕ್ಷಿ ಪೆಟ್ಟಿಗೆಯೊಳಗೆ ಬಿಗಿಯಾಗಿ ಜೋಡಿಸಿದೆ. ಆ ವಾರ ಯಾರ ಬ್ಲೌಸೂ ಆಗಲಿಲ್ಲ. ಶರಬತ್ತೂ ಇಲ್ಲದೆ ಬೈಸಿಕೊಂಡೆ.

ಪೆಟ್ಟಿಗೆ ಎಲ್ಲಿಡುವುದು? ನಮ್ಮವರು ತಮಾಷೆಗೆ, "ವಾಸ್ತು ನೋಡಿದ್ಯೇನೇ? ಈಗ ನಾಯಿಗೂಡಿಗೂ ಕೇಳ್ತಾರೆ" ಎಂದರು. ಆ ಮಾತು ಅತ್ತೆಯ ಕಿವಿಗೆ ಬಿತ್ತು. ತಮಾಷೆ ಅಲ್ಲಿಗೆ ಮುಗಿಯಿತು. ಈಶಾನ್ಯ ಮೂಲೆಯೇ ಆಗಬೇಕು, ಬಾಗಿಲು ಉತ್ತರಕ್ಕಿರಬೇಕು. ಈಶಾನ್ಯದಲ್ಲಿ ಸಂಪು, ಅದರ ಪಕ್ಕ ಪಾತ್ರೆ ತೊಳೆಯುವ ನಲ್ಲಿ. ಅಲ್ಲೇ ಒಂದು ನುಗ್ಗೆ ಕೊಂಬೆಗೆ ಹಗ್ಗ ಕಟ್ಟಿ ಪೆಟ್ಟಿಗೆಯನ್ನು ತೂಗುಬಿಟ್ಟೆವು. ಮನೆ ಅಂದಮೇಲೆ ಗೃಹಪ್ರವೇಶ ಇಲ್ಲದೆ ಆಗುತ್ತದೆಯೇ? ಶ್ರಾವಣ ಶುಕ್ರವಾರ ಪೆಟ್ಟಿಗೆಯ ಕೆಳಗೆ ಇಟ್ಟಿಗೆ ಒಲೆ ಹೂಡಿ ಹಾಲುಕ್ಕಿಸಿದೆವು. ಸಾಂಬ್ರಾಣಿ ಹೊಗೆ ಹಾಕಿದೆವು. ಅತ್ತೆ ಮಾವಿನೆಲೆಯ ಜೊತೆಗೆ ಬೇವಿನ ಸೊಪ್ಪು ಸೇರಿಸಿ ತೋರಣ ಕಟ್ಟಿಸಿದರು, ದೃಷ್ಟಿಯಾಗಬಾರದೆಂದು. ಪೆಟ್ಟಿಗೆಯ ಮುಂದೆ ಬೆಲ್ಲದ ಅನ್ನದ ಎಡೆ. ಪಕ್ಕದ ಮನೆಯಾಕೆ ಬಾಗಿನ ತಂದುಬಿಟ್ಟಳು, ಅಂಥ ಗೃಹಪ್ರವೇಶ.

ಆಮೇಲೆ ಕಾದೆವು. ಒಂದು ಹುಳವೂ ಇಲ್ಲ, ಮೂಸಿ ನೋಡಲೂ ಬರಲಿಲ್ಲ. ಇರುವೆ ಮಾತ್ರ ಬಂದವು, ಊರಿಗೆ ಊರೇ ಬಂದ ಹಾಗೆ. ಹಾಲು, ಬೆಲ್ಲ ಕಂಡರೆ ಬಿಡುತ್ತವೆಯೇ? ನಲ್ಲಿಯ ನೀರು ಸಿಡಿದು ಬಿದಿರಿಗೆ ಬೂಷ್ಟು ಹಿಡಿಯಿತು. ಗಾಳಿ ಬಂದರೆ ಪೆಟ್ಟಿಗೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಒಂದು ದಿನ ಒಣಗಿದ ತೋರಣವನ್ನು ನೋಡುತ್ತಿದ್ದಾಗ ನನಗೆ ಬೆಳಕಾಯಿತು. ಅಕ್ಕಿ ಡಬ್ಬಕ್ಕೆ ಹುಳ ಬರಬಾರದೆಂದು ನಾನೇ ಹಾಕುವುದು ಏನನ್ನು? ಬೇವಿನ ಸೊಪ್ಪನ್ನು! ಸೊಳ್ಳೆ ಓಡಿಸಲು ಹಾಕುವುದು ಏನು? ಹೊಗೆ! ಬನ್ನಿ ಬನ್ನಿ ಎಂದು ಕರೆದು, ಬಾಗಿಲಲ್ಲೇ ಬರಬೇಡಿ ಎಂದು ಬರೆದಿಟ್ಟಿದ್ದೆವು. ಅತ್ತೆಗೆ ಹೇಳಿದರೆ ಹಣೆ ಹಣೆ ಚಚ್ಚಿಕೊಂಡು ನಕ್ಕರು, ನಾನೂ ನಕ್ಕೆ. ನಮ್ಮವರು ನಗುತ್ತಲೇ ಶೀಟಿನವನ ನಂಬರ್ ಹುಡುಕಿದರು. ಅದನ್ನು ಕಂಡು ನಮ್ಮಿಬ್ಬರ ನಗು ಅರ್ಧಕ್ಕೇ ನಿಂತಿತು.

ಗೌರಿ ಗಣೇಶ ಮುಗಿಯಿತು. ಅಂಗಳ ಗುಡಿಸುವುದು ನನ್ನ ಕೆಲಸ, ದಿನಾ ಬೆಳಿಗ್ಗೆ ಪೊರಕೆಯ ಮುಂದೆ ಉದುರಿದ ಹೂವಿನ ರಾಶಿ. ಅದನ್ನು ಅತ್ತೆಗೆ ಕಾಣದ ಹಾಗೆ ಬೇಗ ಎತ್ತಿ ಗುಂಡಿಗೆ ಹಾಕುತ್ತಿದ್ದೆ. ಅತ್ತೆ ಕಾಲು ಚಾಚಿಕೊಂಡು ಮುಂದಿನ ಗೋಡೆಗೆ ಒರಗಿ ಕೂತಿರುತ್ತಿದ್ದರು. ಬೆಳಗಿನ ಬಿಸಿಲು ಮೊಣಕಾಲಿಗೆ ಬೀಳಲಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕಾಗಿ ಅವರು ಅಂಗಳದ ಮೂಲೆ ಮೂಲೆಯಲ್ಲೂ ಕುರ್ಚಿ ಹಾಕಿ ನೋಡಿ, ಕೊನೆಗೆ ಆ ಜಾಗ ಹಿಡಿದಿದ್ದರು. ಅಲ್ಲಿ ಸೂರ್ಯ ಮೊದಲು ಬರುತ್ತಾನೆ, ನಡು ಮಧ್ಯಾಹ್ನಕ್ಕೆ ಕಿಟಕಿಯ ಮೇಲೆ ಚಾಚಿದ ಸಜ್ಜಾ ನೆರಳು ಕೊಡುತ್ತದೆ. ಗಾಳಿ ತಟ್ಟುವುದಿಲ್ಲ, ಮಳೆ ಎರಚುವುದಿಲ್ಲ, ಚಪ್ಪರ ನಾಲ್ಕೇ ಹೆಜ್ಜೆ ದೂರ.

ಒಂದು ಬೆಳಿಗ್ಗೆ ಅಲ್ಲಿಂದಲೇ ಕರೆದರು. "ಬಾರಮ್ಮ ಇಲ್ಲಿ. ನನ್ ಮಂಡಿಗೆ ಹಿಡಿಸಿದ ಜಾಗ ಅವಕ್ಕೂ ಹಿಡಿಸ್ದೆ ಇರ್ತದಾ? ಆ ಪೆಟ್ಟಿಗೆ ತಂದು ಇಲ್ಲಿ, ನನ್ ತಲೆ ಮ್ಯಾಲೆ ಗೋಡೆಗೆ ಬಡಿ. ಅಲ್ಲಾಡಬಾರ್ದು. ಬಾಗಿಲು ಪೂರ್ವಕ್ಕಿರ್ಲಿ."

"ವಾಸ್ತು?"

"ವಾಸ್ತು ಮನುಷ್ಯರಿಗೆ ಕಣಮ್ಮ. ಅವಕ್ಕೇನು ಸೈಟು ಮಾರೋದೈತಾ?"

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ನೀರು ಕಾಯಿಸುವ ಒಲೆಯ ಹಿಂದೆ ಸೌದೆಯ ಅಡಿಯಲ್ಲಿ ಕೊಟ್ಟಿಗೆಯ ತೊಲೆಯ ತುಂಡೊಂದು ಇರಬೇಕು, ನೋಡು ಎಂದು. ಸೌದೆಯೆಲ್ಲ ಎಳೆದು ಹಾಕಿದೆ. ಇತ್ತು, ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಹಂಡೆಯ ಕೆಳಗೆ ಬೂದಿಯಾಗುತ್ತಿತ್ತು. ಅದರ ಮೈತುಂಬ ದುಂಡಗಿನ ಗುರುತುಗಳು, ಒಂದೊಂದೂ ಮಣ್ಣು ಸಗಣಿ ಮೆತ್ತಿ ಮುಚ್ಚಿದ್ದು.

"ನಾನೇ ಮುಚ್ಚಿದ್ದು" ಎಂದರು ಅತ್ತೆ. "ಹಸಕ್ಕೆ ಪುಡಿ ಬೀಳ್ತದೆ ಅಂತ. ಕೊಡಿಲ್ಲಿ."

ಮಣ್ಣು ಕೆದಕಲು ನಾನು ತಂದಿದ್ದ ಹೆಣಿಗೆಯ ಕಡ್ಡಿಯನ್ನು ಇಸಿದುಕೊಂಡು, ತೊಲೆಯನ್ನು ಮಗುವಿನ ಹಾಗೆ ಮಡಿಲಲ್ಲಿ ಹಾಕಿಕೊಂಡು, ಒಂದೊಂದೇ ತೂತಿನ ಮಣ್ಣನ್ನು ಕೆದಕಿ ತೆಗೆದರು. ಬೇಸಾಯದ ಕೈ, ಆಪರೇಷನ್ ಆದಂದಿನಿಂದ ಸುಮ್ಮನೆ ಕೂತು ಕೂತು ಬೇಸತ್ತಿತ್ತು. ಆ ದಿನ ಅದಕ್ಕೆ ಕೆಲಸ ಸಿಕ್ಕಿತು. ತೊಲೆಯನ್ನು ಪೆಟ್ಟಿಗೆಯ ಪಕ್ಕದಲ್ಲೇ, ಸಜ್ಜಾದ ಕೆಳಗೆ ಮೊಳೆ ಹೊಡೆದು ನಿಲ್ಲಿಸಿದೆ. ಹಾಲಿಲ್ಲ, ಹೊಗೆಯಿಲ್ಲ, ತೋರಣವಿಲ್ಲ. ಸ್ವಲ್ಪ ದೂರದಲ್ಲಿ ಒಂದು ತಟ್ಟೆ ನೀರು, ಒಂದು ಹಿಡಿ ಹಸಿ ಮಣ್ಣು, ಅಷ್ಟೆ.

ಮೊದಲು ಬಂದದ್ದು ದುಂಬಿಯಲ್ಲ. ಅತ್ತೆಯ ಗುಲಾಬಿ ಗಿಡದ ಎಲೆಗಳಲ್ಲಿ ದುಂಡುದುಂಡಗೆ ತುಂಡು ಮಾಯವಾಗಿತ್ತು. "ನನ್ ಗಿಡಕ್ಕೆ ಕತ್ತರಿ ಇಟ್ಟಿದ್ಯೇನೇ?" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದರು. ನಾನು ಕಾವಲು ಕೂತು ನೋಡಿದೆ. ಜೇನಿನಷ್ಟೇ ಗಾತ್ರದ ಒಂದು ಹುಳ, ಎಲೆಯ ಅಂಚಿಗೆ ಕೂತು ಸರಸರನೆ ಒಂದು ಚಂದ್ರ ಕತ್ತರಿಸಿಕೊಂಡು, ಅದನ್ನು ಕಾಲಸಂದಿಯಲ್ಲಿ ಹಿಡಿದು ನಮ್ಮ ಬಿದಿರಿನ ಸಣ್ಣ ಕೊಳವೆಗೆ ಒಯ್ಯುತ್ತಿತ್ತು. ಮಕ್ಕಳ ಕೋಣೆಗೆ ಹಾಸಿಗೆ! ಸೀಮೆಸುಣ್ಣದ ಗುರುತಿಲ್ಲ, ಅಳತೆಯಿಲ್ಲ, ಒಂದು ನೂಲು ಹೆಚ್ಚುಕಮ್ಮಿಯಿಲ್ಲ. ಇಷ್ಟು ವರ್ಷ ಕತ್ತರಿ ಹಿಡಿದ ನನಗೆ ಇವತ್ತಿಗೂ ತೋಳಿನ ದುಂಡು ಒಂದೇ ಏಟಿಗೆ ಬರುವುದಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ, ಖುಷಿ ಅದಕ್ಕಿಂತ ಹೆಚ್ಚಾಯಿತು.

ದುಂಬಿ ಬಂದದ್ದು ಪಿತೃಪಕ್ಷದಲ್ಲಿ. ಅತ್ತೆ ಕಣ್ಣು ಮುಚ್ಚಿ ಬಿಸಿಲು ಕಾಯಿಸುತ್ತಿದ್ದರು. ಗುಂಯ್ ಎಂದು ಸದ್ದಾಯಿತು. ಕಪ್ಪಗೆ, ಮಿರಮಿರ ಮಿಂಚುವ ನೀಲಿ ರೆಕ್ಕೆಯ, ನನ್ನ ಹೆಬ್ಬೆರಳಿನ ತುದಿಯಷ್ಟು ದಪ್ಪನೆಯ ದುಂಬಿ ಅತ್ತೆಯ ತಲೆಯನ್ನು ಪ್ರದಕ್ಷಿಣೆ ಹಾಕಿತು. ನಾನು ಒಳಗಿನಿಂದ, "ಅತ್ತೆ, ಅಲ್ಲಾಡ್ಬೇಡಿ!" ಎಂದು ಕಿರುಚಿದೆ. "ನೀನ್ ಕಿರುಚ್ಬ್ಯಾಡ, ಹೆದರ್ಕಂಡ್ ಹೋದಾತು" ಎಂದು ತುಟಿ ಅಲ್ಲಾಡಿಸದೆ ಗದರಿದರು. ಅದು ನನ್ನ ನಯವಾದ ಬಿದಿರನ್ನೆಲ್ಲ ಒಂದು ಸುತ್ತು ನೋಡಿತು. ಒಂದು ಕೊಳವೆಗೆ ತಲೆ ಹಾಕಿ, ಹಾಗೇ ಹಿಂದಕ್ಕೆ ಬಂದು, ನೇರ ಹೋಗಿ ತೊಲೆಯ ಹಳೇ ತೂತಿನೊಳಗೆ ನುಗ್ಗಿತು. ಅಷ್ಟು ಕಷ್ಟಪಟ್ಟು ಕಟ್ಟಿದ ಮನೆ ಬಿಟ್ಟು ಹಳೇ ತೊಲೆಗೆ! ನನಗೆ ಮೈ ಉರಿಯಿತು. ಅತ್ತೆಯ ಮುಖ ನೋಡಿದೆ, ಕಣ್ಣು ತುಂಬಿತ್ತು. ನನ್ನ ಉರಿಯೆಲ್ಲ ಇಳಿದುಹೋಯಿತು.

ಆ ವಾರವೇ ಶೀಟಿನವನು ಅಳತೆಗೆ ಬರುತ್ತೇನೆಂದ. "ಪಕ್ಷದಲ್ಲಿ ಹೊಸ ಕೆಲ್ಸಕ್ಕೆ ಅಳತೆ ಹಿಡೀತಾರೇನ್ಲಾ?" ಎಂದು ಅತ್ತೆ ಮಗನನ್ನು ಕೇಳಿದರು. ನಮ್ಮವರು ಶೀಟಿನವನಿಗೆ ಆಮೇಲೆ ಹೇಳ್ತೀನಿ ಎಂದು ಫೋನು ಇಟ್ಟರು. ಇಷ್ಟು ಶಾಸ್ತ್ರ ಅತ್ತೆಗೆ ಅದುವರೆಗೂ ನೆನಪಿದ್ದದ್ದನ್ನು ನಾನು ಕಂಡಿರಲಿಲ್ಲ.

ಇನ್ನೊಂದು ಬೆಳಿಗ್ಗೆ ಎಂದಿನಂತೆ ಪೊರಕೆ ಹಿಡಿದು ಚಪ್ಪರದಡಿಗೆ ಹೋದೆ. ಗುಡಿಸಿದೆ. ಹೊಂಗೆಯ ಎಲೆ ಬಂತು, ಕೋಳಿ ಪುಕ್ಕ ಬಂತು, ಹೂ ಬಂದದ್ದು ಬೆರಳೆಣಿಕೆಯಷ್ಟು. ಮೇಲೆ ನೋಡಿದೆ, ಮುದುಡಿದ ಹೂಗಳು ಅಲ್ಲಲ್ಲೇ ಬಿಗಿಯಾಗಿ ಕೂತಿವೆ. ತಲೆ ತಿರುಗಿದರೆ ತಿರುಗಲಿ ಎಂದು ಕತ್ತೆತ್ತಿಕೊಂಡೇ ನಿಂತೆ. ಅತ್ತೆಗೆ ಹೇಳಲಿಲ್ಲ. ಹೇಳಿ, ಆಮೇಲೆ ಅವೂ ಉದುರಿಬಿಟ್ಟರೆ?

ಅಮಾವಾಸ್ಯೆ ಕಳೆಯಿತು, ನವರಾತ್ರಿ ಶುರುವಾಯಿತು. ಒಂದು ಭಾನುವಾರ ನಮ್ಮವರು ನನ್ನ ಹೊಲಿಗೆಯ ಟೇಪನ್ನು ಕೇಳದೆ ಎತ್ತಿಕೊಂಡು ಹೋಗಿ, ಚಪ್ಪರದ ಅಳತೆ ಹಿಡಿಯಲು ಕಲ್ಲುಬೆಂಚು ಹತ್ತಿದರು.

"ಯಾರೂ ಬೆಂಚು ಹತ್ತಬಾರ್ದು ಅಂತ ನೀನೇ ಅಂದಿದ್ದು ಕಣೋ" ಎಂದರು ಅತ್ತೆ ಕುರ್ಚಿಯಿಂದ. ದನಿಯಲ್ಲಿ ಜೋರಿರಲಿಲ್ಲ.

ಅಷ್ಟರಲ್ಲಿ ಮಗನ ತಲೆ ಎಲೆಗಳ ನಡುವೆ ಹೋಗಿತ್ತು. ಆಮೇಲೆ ಎಲೆಯೊಳಗಿನಿಂದಲೇ ದನಿ ಬಂತು.

"ಅಮ್ಮಾ... ಕಾಯಿ."

"ಸುಳ್ಳು ಹೇಳ್ಬ್ಯಾಡ್ಲಾ."

"ನಿನ್ನಾಣೆಗೂ ಅಮ್ಮಾ! ಇಲ್ಲೊಂದು. ಇಕೋ ಇಲ್ಲಿ ಎರಡು. ಅಯ್ಯೋ, ಈ ಕಡೆ ಎಷ್ಟವ್ವೇ ತಾಯಿ!"

ಹಸಿರು ನಿಂಬೆಯಷ್ಟಿದ್ದ ಕಾಯಿಯ ಸೊಂಟಕ್ಕೆ ನನ್ನ ಟೇಪು ಸುತ್ತಿ, ಅಳತೆ ಓದಿ ಹೇಳಿದರು, ಯಾರಿಗೋ ಬ್ಲೌಸ್ ಹೊಲಿಸುವವರ ಹಾಗೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ. ನಮ್ಮವರು ಬೆಂಚಿನಿಂದ ಇಳಿದು, ತಾವಾಗಿಯೇ ಕಾರಿನ ಕೀ ತೆಗೆದುಕೊಂಡು ಹೋಗಿ ಅದನ್ನು ರಸ್ತೆಯ ಹೊಂಗೆ ಮರದ ಕೆಳಗೆ ನಿಲ್ಲಿಸಿ ಬಂದರು. "ಹಕ್ಕಿ ಪಿಕ್ಕೆ ಹಾಕಿದ್ರೆ ಹಾಕ್ಲಿ, ತೊಳ್ಕೊಂಡ್ರಾಯ್ತು" ಎಂದರು.

ಆಯುಧಪೂಜೆಯ ದಿನ ಅಂಗಳದಲ್ಲಿ ಎಲ್ಲದಕ್ಕೂ ಪೂಜೆ. ನನ್ನ ಹೊಲಿಗೆ ಯಂತ್ರ, ಕತ್ತರಿ, ಮಿಕ್ಸಿ, ಗುದ್ದಲಿ, ಕುಡುಗೋಲು. ಕಾರಿಗೆ ಬಾಳೆಕಂದು ಕಟ್ಟಿ ಬೂದುಗುಂಬಳ ಒಡೆದಾಯಿತು. ನಾನು ನೆನಪು ಮಾಡಿಕೊಂಡು ಅತ್ತೆಯ ಕುಂಚವನ್ನೂ ತಂದು ಕತ್ತರಿಯ ಪಕ್ಕ ಇಟ್ಟೆ. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, "ನಿಂದು ಕೆಲ್ಸ ಮುಗೀತು ಕಣಪ್ಪ" ಎಂದು ಹೇಳಿದರು. ಅಷ್ಟರಲ್ಲಿ ನಮ್ಮವರು ಧೂಪದ ಬಟ್ಟಲು ಹಿಡಿದು ಗೋಡೆಯ ಕಡೆಗೆ ಹೊರಟರು, ಆ ತೊಲೆಗೂ ಒಂದು ಪೂಜೆ ಆಗಲಿ ಎಂದು.

"ಲೋ! ಅಲ್ಲಿಗೆ ಹೊಗೆ ತರಬ್ಯಾಡ್ವೋ! ಬಾಣಂತಿ ಅವ್ಳೆ ಒಳಗೆ."

"ಬಾಣಂತಿಗೆ ಹೊಗೆ ಹಾಕ್ತಾರೆ ಅಲ್ವೇನಮ್ಮಾ?"

"ಈ ಬಾಣಂತಿಗೆ ಬ್ಯಾಡ. ಒಂದ್ಸಲ ಬಾಗ್ಲು ಮುಚ್ಚಿದ್ದೀನಿ, ಸಾಕು."

ಅತ್ತೆ ತಾವು ಊರಿಕೊಂಡಿದ್ದ ಕೋಲನ್ನು ಗೋಡೆಗೆ ಒರಗಿಸಿ, ನನ್ನ ಭುಜ ಹಿಡಿದು ತೊಲೆಯ ಹತ್ತಿರ ಹೋದರು. ತೂತಿನಿಂದ ಕೈಯಳತೆ ದೂರದಲ್ಲಿ ಒಂದೇ ಒಂದು ಬೊಟ್ಟು ಕುಂಕುಮ ಇಟ್ಟು ಅಲ್ಲೇ ಕುರ್ಚಿಯಲ್ಲಿ ಕೂತರು. ಒಳಗೆ ಕೊರೆಯುವ ಸದ್ದು ಕೇಳುತ್ತಿತ್ತು. ಮರದ ಪುಡಿ ಸಣ್ಣಗೆ ಉದುರಿ ಅವರ ಹಬ್ಬದ ಸೀರೆಯ ಭುಜದ ಮೇಲೆ ಬಿದ್ದಿತ್ತು. ನಾನು ಒರೆಸಲು ಕೈ ಚಾಚಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಇರ್ಲಿ ಬಿಡಮ್ಮ" ಎಂದರು.